ಅಕ್ಕಿ ಲಾರಿಯಲ್ಲಿ ಕಾಡಿಗೆ

ಜನರನ್ನು ಕಾಡಿಗೆ ಕರೆದುಕೊಂಡು ಹೋದರೆ ಏನಾದರೂ ಒಂದು ಆಗದೆ ಇರುವುದಿಲ್ಲ. ಪ್ರಾಣಿಗಳಿಂದ ಏನೂ ಆಗುವುದಿಲ್ಲ. ಅವಕ್ಕೆ ಅವುಗಳ ಕೆಲಸ ಇರುತ್ತದೆ. ಆಗುವುದೆಲ್ಲ ಲಾರಿಯಿಂದ ಇಳಿದವರಿಂದ.

ಲಾರಿ ನನ್ನದು. ನಾನು ಅಕ್ಕಿ ವ್ಯಾಪಾರಿ. ದುರ್ಗಿಗುಡಿಯಲ್ಲಿ ಮನೆ, ಶಿವಮೊಗ್ಗದ ಪೇಟೆಯಲ್ಲಿ ಮಂಡಿ, ಭದ್ರಾವತಿಯಲ್ಲಿ ನನ್ನ ಹೆಂಡತಿಯ ತಮ್ಮ ನೋಡಿಕೊಳ್ಳುತ್ತಿದ್ದ ಇನ್ನೊಂದು ಅಂಗಡಿ. ಒಂದು ದಿನ ಅರಣ್ಯ ಇಲಾಖೆಯ ಫಾರೆಸ್ಟರೊಬ್ಬರು ಮಂಡಿಗೆ ಬಂದು, ಅಕ್ಕಿ ಮೂಟೆಯ ಮೇಲೆ ಕೂತು, ಭಾನುವಾರದ ಮಟ್ಟಿಗೆ ಲಾರಿ ಕೇಳಿದರು. ಊರಿನ ಜನಕ್ಕೆ ಕಾಡು ತೋರಿಸುವುದಂತೆ. ಚಳಿಗಾಲದಲ್ಲಿ ಮರ, ಬೇಸಿಗೆಯಲ್ಲಿ ಪ್ರಾಣಿ, ಮಳೆ ಶುರುವಾದ ಮೇಲೆ ಗಿಡ, ಹಕ್ಕಿ. ಜೊತೆಯಲ್ಲಿ ನಡೆದುಕೊಂಡು ವಿವರಿಸುವುದು ಅವರ ಕೆಲಸ.

"ಕಾಡು ಎಲ್ಲಿಗೂ ಓಡಿಹೋಗಲ್ಲ ಸ್ವಾಮಿ, ಬೇಕಾದೋರು ಹೋಗಿ ನೋಡ್ತಾರೆ" ಅಂದೆ.

"ಯಾರೂ ಹೋಗಲ್ಲ ಸಾವ್ಕಾರ್ರೆ. ಅದೇ ಬಂದಿರೋ ಕಷ್ಟ."

ಕಷ್ಟ ಅವರದು, ನಿಜವಾದ್ದೇ. ಈ ಕಾರ್ಯಕ್ರಮ ಅವರ ಮೇಲಿನ ಸಾಹೇಬರಿಗೆ ಹಿಡಿಸಿರಲಿಲ್ಲ. "ಬರುವ ಶ್ರಾವಣದಲ್ಲಿ ನಾನೇ ಬಂದು ನೋಡುತ್ತೇನೆ. ಜನ ಇದ್ದರೆ ಮುಂದುವರಿಸಿ. ಇಲ್ಲದಿದ್ದರೆ ನೀವು ನಾಟಾ ಡಿಪೋಗೆ" ಅಂದುಬಿಟ್ಟಿದ್ದರು. ನಾಟಾ ಡಿಪೋ ಎಂದರೆ ಕಡಿದು ತಂದ ದಿಮ್ಮಿಗಳಿಗೆ ನಂಬರು ಹೊಡೆಯುವ ಜಾಗ. ಹಳೇ ಮರ ಕಂಡರೆ ಹಿರಿಯರನ್ನು ಕಂಡ ಹಾಗೆ ಸರಿದು ನಿಲ್ಲುವ ಆ ಮನುಷ್ಯನನ್ನು ಅಲ್ಲಿಗೆ ಹಾಕುವುದು, ಮದುವೆ ಪುರೋಹಿತರನ್ನು ಸ್ಮಶಾನಕ್ಕೆ ಕಳಿಸಿದ ಹಾಗೆ.

ನಾನು ಲಾರಿ ಕೊಟ್ಟೆ. ಕರುಣೆಯಿಂದ ಅಲ್ಲ. ವಾರಕ್ಕೊಂದು ದಿನ ಸುಮ್ಮನೆ ನಿಂತರೆ ಬ್ಯಾಟರಿ ಇಳಿಯುತ್ತದೆ ಅಂತ ನಮ್ಮ ಡ್ರೈವರ್ ಸಾಬರು ಹೇಳುತ್ತಲೇ ಇದ್ದರು. ಲಾರಿ ಎಲ್ಲಿಗೆ ಹೋಗುತ್ತದೋ ನೋಡೋಣ ಅಂತ ನಾನೂ ಹತ್ತಿದೆ. ಆಮೇಲೆ ಅದೇ ಚಟವಾಯಿತು.

ಹಾರನ್ನು

ಮೊದಲ ಸಲ ಹೋದದ್ದು ಚಳಿಗಾಲದಲ್ಲಿ, ಶೆಟ್ಟಿಹಳ್ಳಿ ಕಾಡಿನ ಕಡೆ. ಹೊರಡುವ ಮೊದಲೇ ಫಾರೆಸ್ಟರು ಎಲ್ಲರಿಗೂ ಹೇಳಿದರು: ಮಾತಾಡಬಾರದು, ಕೆಮ್ಮು ಬಂದರೆ ಟವೆಲ್ಲಿಗೆ ಕೆಮ್ಮಬೇಕು, ಬಳೆ ಸದ್ದು ಕೂಡ ಆಗಬಾರದು. ಜನ ಪಾಪ, ಉಸಿರು ಬಿಗಿಹಿಡಿದು ಕೂತರು. ನಮ್ಮ ಡ್ರೈವರ್ ಸಾಬರಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಕಾಡಿನ ರಸ್ತೆ ಎಂದರೆ ತಿರುವುಗಳ ರಸ್ತೆ. ಸಾಬರು ಇಪ್ಪತ್ತು ವರ್ಷ ಘಟ್ಟದಲ್ಲಿ ಲಾರಿ ಓಡಿಸಿದವರು. ಒಂದೊಂದು ತಿರುವಿಗೂ ಆ ಬಲೂನ್ ಹಾರನ್ನನ್ನು ಎರಡು ಸಲ ಹಿಸುಕುವರು. ಸತ್ತವರೂ ಎದ್ದು ಪಕ್ಕಕ್ಕೆ ಸರಿಯುವಂಥ ಸದ್ದು.

ನಾಲ್ಕನೇ ತಿರುವಿನಲ್ಲಿ ಫಾರೆಸ್ಟರು ಕ್ಯಾಬಿನ್ನಿನ ಮೇಲೆ ಬಡಿದು ಲಾರಿ ನಿಲ್ಲಿಸಿದರು. "ಸಾಬ್ರೆ, ಹಾರನ್ ಬೇಡ."

"ಅರೆ, ಹಾರನ್ ಇಲ್ದೆ ಹೆಂಗೆ ಸಾಬ್? ತಿರುವಿನಾಚೆ ಆನೆ ಇದ್ದು, ಎದುರಿಗೆ ಬಂದ್ರೆ ಯಾರು ಜವಾಬ್ದಾರಿ?"

ಫಾರೆಸ್ಟರು ಎರಡೂ ಕೈ ಜೋಡಿಸಿದರು. "ಎದುರಿಗೆ ಬರ್ಲಿ ಅಂತಾನೇ ಮಾರಾಯ, ಇಷ್ಟು ಜನ ದುಡ್ಡು ಕೊಟ್ಟು ತಿಂಡಿ ಕಟ್ಟಿಸ್ಕೊಂಡು ಬಂದಿರೋದು."

ಸಾಬರು ಒಂದು ಗಳಿಗೆ ಯೋಚನೆ ಮಾಡಿ, ಕ್ಯಾಬಿನ್ನಿನಿಂದ ಇಳಿದು, ಕೀಲಿಕೈಯನ್ನು ನನ್ನ ಅಂಗೈಯಲ್ಲಿ ಇಟ್ಟರು. "ಹಾಗಾದ್ರೆ ಸಾವ್ಕಾರ್ರೆ, ಲಾರಿ ನೀವು ಓಡಿಸಿ. ನಾನು ಹಿಂದೆ ಕೂತು ಆನೆ ನೋಡ್ತೀನಿ."

ಮರವನ್ನು ಅಪ್ಪಿಕೊಂಡವರು

ಮುಂದಿನ ವಾರ ನಮ್ಮ ಪೇಟೆಯ ವ್ಯಾಪಾರಸ್ಥರದೇ ಒಂದು ತಂಡ. ಅಡಿಕೆ ಮಂಡಿಯವರು, ಜವಳಿಯವರು, ಕಬ್ಬಿಣದ ಅಂಗಡಿಯವರು, ಒಬ್ಬ ಮರದ ವ್ಯಾಪಾರಿ. ಫಾರೆಸ್ಟರಿಗೆ ಇವರ ಮೇಲೆ ತುಂಬಾ ಆಸೆ. ಪೇಟೆಯ ದೊಡ್ಡವರು ಬಂದರು ಅಂತ ಸಾಹೇಬರಿಗೆ ಹೇಳಬಹುದಲ್ಲ.

ಒಂದು ಭಾರೀ ಸಾಗುವಾನಿ ಮರದ ಕೆಳಗೆ ಎಲ್ಲರನ್ನೂ ನಿಲ್ಲಿಸಿ, ಈ ಮರ ಸಸಿಯಾಗಿದ್ದಾಗ ನಮ್ಮ ಮುತ್ತಜ್ಜಂದಿರು ಹುಟ್ಟಿರಲಿಲ್ಲ, ಎಷ್ಟು ಮಳೆ ಕಂಡಿದೆ, ಎಷ್ಟು ಹಕ್ಕಿಗೆ ಮನೆಯಾಗಿದೆ ಅಂತ ಮೆಲ್ಲಗೆ ಹೇಳುತ್ತಾ ಹೋದರು. ಮಾತು ಚೆನ್ನಾಗಿಯೇ ಇತ್ತು. ಜವಳಿಯವರು ಕೂಡ ಗಡಿಯಾರ ನೋಡುವುದನ್ನು ಬಿಟ್ಟರು. ಅಷ್ಟರಲ್ಲಿ ಮರದ ವ್ಯಾಪಾರಿ ಮುಂದೆ ಹೋಗಿ, ಚಪ್ಪಲಿ ಬಿಟ್ಟು, ಎರಡೂ ತೋಳು ಚಾಚಿ ಮರವನ್ನು ಅಪ್ಪಿಕೊಂಡರು. ಕೆನ್ನೆ ತೊಗಟೆಗೆ ಒತ್ತಿತ್ತು. ಕಣ್ಣು ಮುಚ್ಚಿತ್ತು. ತುಟಿ ಏನೋ ಜಪಿಸುತ್ತಿತ್ತು.

ಫಾರೆಸ್ಟರು ನಮ್ಮ ಕಡೆ ತಿರುಗಿದರು. "ನೋಡಿ" ಅಂದರು ನಮಗೆ. "ಒಬ್ಬರಿಗೆ ಹೀಗೆ ಮನಸ್ಸು ಕರಗಿದರೆ ಸಾಕು, ನನ್ನ ಕೆಲಸ ಸಾರ್ಥಕ."

ಮರದ ವ್ಯಾಪಾರಿ ಕಣ್ಣು ಬಿಟ್ಟರು. "ಎರಡು ತೋಳು, ಮೇಲೊಂದು ಗೇಣು. ಒಂದು ಹೆಬ್ಬಾಗಿಲು, ಆರು ಕಿಟಕಿ ಸಲೀಸಾಗಿ ಬರುತ್ತೆ ಕಣ್ರಿ. ಮಿಕ್ಕಿದ್ದರಲ್ಲಿ ಒಂದು ತೊಟ್ಟಿಲು."

ಎರಡು ಶಿಫ್ಟು

ಬೇಸಿಗೆಯಲ್ಲಿ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನವರು ಬಂದರು. ಅಂಗಡಿಯ ಗಿರಾಕಿಗಳೇ ಆದ್ದರಿಂದ ನನ್ನ ಬಾಮೈದನೇ ಕರೆತಂದಿದ್ದ. ಕಾಡೊಳಗೆ ಒಂದು ನೀರಿನ ಹೊಂಡ. ಅದರ ಪಕ್ಕ ಮರದ ಮೇಲೆ ಅಟ್ಟಣೆ. ಇಳಿಹೊತ್ತಿಗೆ ಅಲ್ಲಿ ಅಲ್ಲಾಡದೆ ಕೂತರೆ ನೀರು ಕುಡಿಯಲು ಬರುವ ಪ್ರಾಣಿಗಳು ಕಾಣುತ್ತವೆ. ಅಟ್ಟಣೆ ಚಿಕ್ಕದು, ಅರ್ಧ ಜನಕ್ಕೆ ಮಾತ್ರ ಜಾಗ.

ಫಾರೆಸ್ಟರು ತಲೆ ಕೆರೆದುಕೊಳ್ಳುತ್ತಿದ್ದಾಗ ತಂಡದಲ್ಲಿದ್ದ ತಮಿಳಿನ ಫೋರ್‌ಮನ್ನರು ಮುಂದೆ ಬಂದರು. "ಇದಕ್ಕೆ ಏನು ಸಾರ್ ಯೋಚನೆ. ಎ ಶಿಫ್ಟು ಮೇಲೆ ಹೋಗಲಿ. ಬಿ ಶಿಫ್ಟು ಕೆಳಗೆ, ಲಾರಿ ಹತ್ರ ರೆಸ್ಟು. ಅರ್ಧ ಟೈಮ್ ಆದಮೇಲೆ ಬದಲಿ."

ಅಷ್ಟು ಶಿಸ್ತಿನ ತಂಡ ನಾನು ಇನ್ನೊಂದು ನೋಡಲಿಲ್ಲ. ಎ ಶಿಫ್ಟಿನವರು ಉಸಿರು ಬಿಡದೆ ಕೂತರು. ಅವರ ಪುಣ್ಯಕ್ಕೆ ಒಂದು ದೊಡ್ಡ ಕಾಟಿ ಬಂತು. ಕಾಡುಕೋಣ ಅಂತೀವಲ್ಲ, ಅದು. ನಮ್ಮ ಲಾರಿಯ ಬಾನೆಟ್ಟಿನಷ್ಟು ಹೆಗಲು, ಮೊಣಕಾಲ ತನಕ ಬಿಳಿ ಕಾಲುಚೀಲ ಹಾಕಿದ ಹಾಗೆ ಕಾಲು. ಸಾವಕಾಶವಾಗಿ ನೀರು ಕುಡಿದು, ನಮ್ಮ ಕಡೆ ಒಂದು ಸಲ ನೋಡಿ ಹೋಯಿತು. ಆಮೇಲೆ ಬದಲಿ. ಬಿ ಶಿಫ್ಟಿನವರು ಹತ್ತಿದರು, ಕತ್ತಲು ಕವಿಯುವ ತನಕ ಕೂತರು. ಬಂದದ್ದು ಒಂದು ಮೊಲ. ಅದೂ ನೀರು ಕುಡಿಯಲಿಲ್ಲ.

ಲಾರಿ ಹತ್ತುವ ಹೊತ್ತಿಗೆ ಗುಸುಗುಸು ಶುರುವಾಗಿತ್ತು. ಬಿ ಶಿಫ್ಟಿನಿಂದ ಒಬ್ಬರು, ಕಾರ್ಮಿಕರ ಪರ ಮಾತಾಡಿ ಅಭ್ಯಾಸ ಇದ್ದವರು, ಫಾರೆಸ್ಟರ ಎದುರು ನಿಂತರು. "ಸಾರ್, ಟಿಕೇಟಿನ ದುಡ್ಡು ಎಲ್ಲರದೂ ಒಂದೇ. ಎ ಶಿಫ್ಟಿಗೆ ಕಾಟಿ, ಬಿ ಶಿಫ್ಟಿಗೆ ಮೊಲ. ಇದು ತಾರತಮ್ಯ."

"ನಾನೇನ್ರೀ ಮಾಡ್ಲಿ? ಕಾಟಿ ನನ್ನ ಮಾತು ಕೇಳುತ್ತಾ?"

"ಅದು ನಿಮ್ಮ ಡಿಪಾರ್ಟ್‌ಮೆಂಟಿನ ಒಳಗಿನ ವಿಷಯ ಸಾರ್. ನಮ್ಮದು ಒಂದೇ ಬೇಡಿಕೆ. ಮುಂದಿನ ಭಾನುವಾರ ಬಿ ಶಿಫ್ಟಿಗೆ ಕಾಟಿ ಕೊಡಿ. ಮೊಲ ಬೇಕಾದ್ರೆ ಮ್ಯಾನೇಜ್‌ಮೆಂಟಿನೋರಿಗೆ ತೋರಿಸಿ."

ತಂಬುಳಿ

ಮಳೆ ಹಿಡಿದ ಮೇಲೆ ಗಿಡಗಳ ಸರದಿ. ಇದಕ್ಕೆ ಫಾರೆಸ್ಟರು ಬಹಳ ಮುತುವರ್ಜಿ ವಹಿಸಿದ್ದರು. ಕಾಲುದಾರಿಯ ಎರಡೂ ಬದಿಗೆ ಒಂದೊಂದು ಗಿಡದ ಪಕ್ಕ ತಗಡಿನ ಚೀಟಿ ನೆಟ್ಟು, ಹೆಸರು ಬರೆಸಿದ್ದರು. ಮೊದಲು ಬಂದದ್ದು ದುರ್ಗಿಗುಡಿಯ ಹೆಂಗಸರು. ನನ್ನ ಹೆಂಡತಿಯೇ ಮುಂದಾಳು.

"ಇದು ಒಂದೆಲಗ" ಅಂದರು ಫಾರೆಸ್ಟರು.

"ತಂಬುಳಿಗೆ ಒಳ್ಳೇದು" ಅಂದರು ಹಿಂದಿನಿಂದ ಒಬ್ಬರು.

"ಇದು ಚಗಟೆ. ಇದರ ಎಲೆ ಸಂಜೆ ಮುಚ್ಚಿಕೊಳ್ಳುತ್ತೆ, ಬೆಳಿಗ್ಗೆ..."

"ಪಲ್ಯ ಮಾಡೋಕೆ ಎಳೇದು ಬೇಕು. ಇದು ಎಳೇದೇ ಇದೆ."

"ಇದು ಕೆಸು. ಎಲೆ ಮೇಲೆ ನೀರಿನ ಹನಿ ನಿಲ್ಲೋದು ನೋಡಿ, ಮುತ್ತಿನ ಹಾಗೆ."

"ಪತ್ರೊಡೆ" ಅಂದರು ಎಲ್ಲರೂ ಒಟ್ಟಿಗೆ.

ಫಾರೆಸ್ಟರಿಗೆ ಆನಂದ. ಇಷ್ಟು ಆಸಕ್ತಿಯ ಸಭಿಕರು ಅವರಿಗೆ ಸಿಕ್ಕಿರಲಿಲ್ಲ. ಅವರು ಮುಂದೆ ಮುಂದೆ ಹೇಳುತ್ತಾ ಹೋದರು, ಹಿಂದೆ ತಿರುಗಿ ನೋಡಲಿಲ್ಲ. ನಾನು ಎಲ್ಲರಿಗಿಂತ ಹಿಂದೆ ಇದ್ದೆ, ಆದ್ದರಿಂದ ನನಗೆ ಮಾತ್ರ ಕಾಣುತ್ತಿತ್ತು: ದಾರಿಯಲ್ಲಿ ತಗಡಿನ ಚೀಟಿಗಳು ಉಳಿದಿದ್ದವು, ಗಿಡಗಳು ಸೆರಗಿನಲ್ಲಿದ್ದವು.

ಮರುವಾರ ನವುಲೆ ಕಡೆಯ ಕೆಲವರು ಬಂದಾಗ ಫಾರೆಸ್ಟರು ಖಾಲಿ ನೆಲ ತೋರಿಸಿ "ಇಲ್ಲಿ ಒಂದೆಲಗ ಇತ್ತು, ಇಲ್ಲಿ ಚಗಟೆ ಇತ್ತು" ಅಂತ ಚರಿತ್ರೆ ಪಾಠ ಮಾಡಬೇಕಾಯಿತಂತೆ. ಅದನ್ನು ಹೇಳಿಕೊಳ್ಳಲು ನೇರವಾಗಿ ನಮ್ಮ ಮನೆಗೆ ಬಂದರು. ಊಟದ ಹೊತ್ತು. ಎಲೆ ಹಾಕಿಸಿದೆ. ಮುನಿಸಿನಲ್ಲೂ ಮನುಷ್ಯ ತಂಬುಳಿಯನ್ನು ಎರಡು ಸಲ ಹಾಕಿಸಿಕೊಂಡರು.

"ಇಷ್ಟು ಎಳೇ ಒಂದೆಲಗ ಎಲ್ಲಿ ಸಿಕ್ತಮ್ಮ ನಿಮಗೆ? ಪೇಟೆಯಲ್ಲಿ ಬರೋದೆಲ್ಲ ಬಲಿತದ್ದು."

"ನೀವೇ ತೋರಿಸಿದ್ರಲ್ಲ" ಅಂದಳು ನನ್ನ ಹೆಂಡತಿ. "ಇನ್ನೂ ಒಂದ್ಸಲ ಬಡಿಸ್ಲಾ? ಒಣಗಿಸಿ ಕೂಡ ಇಟ್ಟಿದ್ದೀನಿ."

ಸಾಹೇಬರು ಬಂದ ದಿನ

ಶ್ರಾವಣ ಬಂತು. ಸಾಹೇಬರು ಬರುವ ಭಾನುವಾರವೂ ಗೊತ್ತಾಯಿತು. ಆ ಹೊತ್ತಿಗೆ ಜನ ಬರುವುದು ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಬಿ ಶಿಫ್ಟು ಮುನಿಸಿಕೊಂಡಿತ್ತು. ವ್ಯಾಪಾರಸ್ಥರಿಗೆ ಬೇಕಾದ ಮರ ಕಡಿಯುವಂತಿರಲಿಲ್ಲ. ದುರ್ಗಿಗುಡಿಯ ಹೆಂಗಸರಿಗೆ ಕೀಳಲು ಏನೂ ಉಳಿದಿರಲಿಲ್ಲ. ಹಿಂದಿನ ಭಾನುವಾರ ಲಾರಿಯಲ್ಲಿ ಇದ್ದವರು ಫಾರೆಸ್ಟರು, ನಾನು, ಮತ್ತು ತೀರ್ಥಹಳ್ಳಿಗೆ ಹೋಗುವ ಬಸ್ಸು ತಪ್ಪಿಸಿಕೊಂಡ ಒಬ್ಬ ಪುಣ್ಯಾತ್ಮ.

"ನಾಟಾ ಡಿಪೋದಲ್ಲಿ ಕ್ವಾರ್ಟರ್ಸು ಚೆನ್ನಾಗಿದೆಯಂತೆ" ಅಂದರು ಫಾರೆಸ್ಟರು, ತಮಗೆ ತಾವೇ ಹೇಳಿಕೊಳ್ಳುವ ಹಾಗೆ. ಅವರ ಹೆಂಡತಿ ಆಗಲೇ ಪಾತ್ರೆಗಳನ್ನು ಗೋಣಿಗೆ ತುಂಬಲು ಶುರುಮಾಡಿದ್ದರಂತೆ.

ಆ ವಾರದ ಕಾರ್ಯಕ್ರಮ ಮಂಡಗದ್ದೆಯಲ್ಲಿ. ಅಲ್ಲಿ ತುಂಗೆಯ ನಡುವೆ ಒಂದು ನಡುಗಡ್ಡೆ. ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಬಂದು ಗೂಡು ಕಟ್ಟುತ್ತವೆ. ನಾನು ಭದ್ರಾವತಿಯ ಬಾಮೈದನಿಗೆ ಬಸ್ ಕಂಡಕ್ಟರ್ ಕೈಲಿ ಹೇಳಿಕಳಿಸಿದೆ: ಅಂಗಡಿ ಮುಂದೆ ಬೋರ್ಡು ಬರೆದು ಹಾಕು, ಹತ್ತು ಜನ ಸಿಕ್ಕರೂ ಸಾಕು, ಈ ಸಲ ಯಾರಿಂದಲೂ ಕಾಸು ತಗೋಬೇಡ.

ಭಾನುವಾರ ನಾನೂ ಫಾರೆಸ್ಟರೂ ಮೊದಲೇ ಮಂಡಗದ್ದೆಗೆ ಹೋಗಿ ಕಾದೆವು. ಸಾಹೇಬರ ಜೀಪು ಬಂತು. ಅವರು ನಗುವುದನ್ನು ಯಾರೂ ಕಂಡಿರಲಿಲ್ಲವಂತೆ, ಅವತ್ತೂ ನಗಲಿಲ್ಲ. "ಎಲ್ಲಿ ನಿಮ್ಮ ಜನ?" ಅಂದರು. ಅದೇ ಹೊತ್ತಿಗೆ ತಿರುವಿನಲ್ಲಿ ಸಾಬರ ಹಾರನ್ನು ಕೇಳಿಸಿತು.

ಲಾರಿಯಲ್ಲಿ ಸೂಜಿ ಹಾಕಲು ಜಾಗ ಇರಲಿಲ್ಲ. ಹಿಂದಿನಿಂದ ಬಂದ ಬಸ್ಸು ನಿಂತು, ಅದರಿಂದ ಒಂದು ಹಿಂಡು ಇಳಿಯಿತು. ಅದರ ಹಿಂದೆ ಸೈಕಲ್ಲುಗಳು. ಗಂಡಸರು, ಹೆಂಗಸರು, ಸೊಂಟದಲ್ಲಿ ಕೂಸು. ಫಾರೆಸ್ಟರು ನನ್ನ ಕೈ ಹಿಡಿದುಕೊಂಡರು. "ಸಾವ್ಕಾರ್ರೆ, ನಮ್ಮ ಜನ ಹಕ್ಕಿ ನೋಡೋಕೆ ಇಷ್ಟು ದೂರ ಬಂದ್ರಲ್ಲ." ಕಣ್ಣಲ್ಲಿ ನೀರು.

ನನಗೆ ಕಣ್ಣೀರು ಬರಲಿಲ್ಲ. ಅಕ್ಕಿ ಮಾರಿ ತಲೆ ನರೆಸಿಕೊಂಡವನು ನಾನು. ಕಂಕುಳಲ್ಲಿ ಖಾಲಿ ಚೀಲ ಮಡಚಿ ಇಟ್ಟುಕೊಂಡು ಬರುವವರ ಮುಖ ನನಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಬಂದ ಪ್ರತಿಯೊಬ್ಬರ ಕಂಕುಳಲ್ಲೂ ಚೀಲ ಇತ್ತು. ಅದು ಅಕ್ಕಿಗೆ ತತ್ವಾರದ ವರ್ಷ. ರೇಷನ್ ಅಂಗಡಿಯಲ್ಲಿ ಗೋಧಿ, ಜೋಳ. ಅಕ್ಕಿ ಕಂಡವನೇ ಭಾಗ್ಯವಂತ.

ಲಾರಿಯಿಂದ ಇಳಿದ ಬಾಮೈದನನ್ನು ಪಕ್ಕಕ್ಕೆ ಎಳೆದೆ. "ಬೋರ್ಡಿನ ಮೇಲೆ ಏನು ಬರೆದೆಯೋ?"

"ನೀವು ಹೇಳಿದ್ದೇ ಭಾವ. 'ಬೆಳ್ಳಕ್ಕಿ ಬಂದಿದೆ. ನೋಡಲು ಬನ್ನಿ. ಮಂಡಗದ್ದೆಗೆ ಭಾನುವಾರ ಬೆಳಿಗ್ಗೆ ಲಾರಿ. ಹಣ ಇಲ್ಲ.'"

ಅಕ್ಕಿ ಅಂಗಡಿಯ ಮುಂದೆ.

"ನೋಡಲು ಅಂತ ಬರೆದೆಯಲ್ಲ, ಅದಾದ್ರೂ ಜನಕ್ಕೆ ಅರ್ಥ ಆಗಬಾರದಾ?"

"ಅಕ್ಕಿ ನೋಡ್ದೆ ಯಾರು ಭಾವ ತಗೊಳ್ತಾರೆ?" ಅಂದ. ಅದೂ ನಿಜವೇ. ಕ್ವಾರ್ಟರ್ಸಿನಲ್ಲಿ ಒಬ್ಬ ತಮಿಳಿನ ಫಿಟ್ಟರ್ ಅದನ್ನು 'ವೆಳ್ಳೈ ಅರಿಸಿ', ಅಂದರೆ ಬಿಳಿ ಅಕ್ಕಿ, ಅಂತ ಮನೆಮನೆಗೆ ತರ್ಜುಮೆ ಮಾಡಿದ್ದನಂತೆ. ಮಂಡಗದ್ದೆಗೆ ಯಾಕೆ ಹೋಗಬೇಕು ಅಂತ ಯಾರೋ ಕೇಳಿದ್ದಕ್ಕೆ ಇನ್ನೊಬ್ಬರು ಸಮಾಧಾನ ಹೇಳಿದ್ದರು: "ಚೆಕ್‌ಪೋಸ್ಟ್ ದಾಟಿಸೋಕೆ ಬಿಡಲ್ಲ ಮಾರಾಯ. ಅಕ್ಕಿ ಊರಿಗೆ ಬರೋ ಹಾಗಿಲ್ಲ. ಅದಕ್ಕೇ ಸಾವ್ಕಾರ್ರು ಊರನ್ನೇ ಅಕ್ಕಿ ಹತ್ರ ಕರ್ಕೊಂಡು ಹೋಗ್ತಿದ್ದಾರೆ."

ಅಷ್ಟರಲ್ಲಿ ಸಾಹೇಬರು ಕೇಳಿದರು, "ಎಲ್ಲರೂ ಚೀಲ ಯಾಕೆ ತಂದಿದ್ದಾರೆ?"

ಫಾರೆಸ್ಟರು ಪಿಳಿಪಿಳಿ ನೋಡಿದರು. ನಾನು ಮುಂದೆ ಹೋದೆ. "ಕೂರೋಕೆ ಸಾರ್. ನೆಲ ಒದ್ದೆ ಇದೆಯಲ್ಲ."

"ಒಳ್ಳೆಯ ಏರ್ಪಾಡು" ಅಂದರು ಸಾಹೇಬರು. "ಕೂರಿಸಿ."

ಕೂರಿಸಿದೆವು. ಕೂರಿಸುವುದೇನು, ನದಿ ದಂಡೆಯಲ್ಲಿ ತಾವೇ ಸಾಲಾಗಿ ಕೂತರು. ರೇಷನ್ನಿನ ಜನಕ್ಕೆ ಸಾಲು ಕಲಿಸಬೇಕಾ? ಒಬ್ಬರೂ ಅಲ್ಲಾಡಲಿಲ್ಲ, ಎದ್ದರೆ ಜಾಗ ಹೋಗುತ್ತದೆ. ಫಾರೆಸ್ಟರು ಎದುರು ನಿಂತು ಶುರುಮಾಡಿದರು.

"ಬೆಳ್ಳಕ್ಕಿ ಪ್ರತಿ ವರ್ಷ ಈ ಕಾಲಕ್ಕೆ ಇಲ್ಲಿಗೇ ಬರುತ್ತೆ."

"ಪ್ರತಿ ವರ್ಷ ಬರುತ್ತಂತೆ. ನಮಗೇ ಗೊತ್ತಿರಲಿಲ್ಲ" ಅಂತ ಒಬ್ಬಾಕೆ ಪಕ್ಕದವಳ ಕಿವಿಯಲ್ಲಿ.

"ಕೆಲವು ಬಹಳ ದೂರದಿಂದ ಬರುತ್ತೆ."

"ಅಮೆರಿಕಾದ್ದು. ಹಡಗಿನಲ್ಲಿ ಬರುತ್ತೆ."

"ಇಲ್ಲೇ ಗೂಡು ಮಾಡುತ್ತೆ."

"ಗೋಡೌನ್ ಇದೆಯಂತೆ ಕಣೇ."

ಆಮೇಲೆ ಫಾರೆಸ್ಟರು ಕೈ ಎತ್ತಿ ನಡುಗಡ್ಡೆಯ ಕಡೆ ತೋರಿಸಿದರು. ಮೋಡ ತುಸು ಬಿಟ್ಟಿತ್ತು. ಮರಗಳ ತುಂಬಾ ಬಿಳಿ. ಕೊಂಬೆ ಕಾಣದಷ್ಟು ಬಿಳಿ. ಅದರಲ್ಲಿ ಒಂದಷ್ಟು ಎದ್ದು, ಕೆಂಪು ನೀರಿನ ಮೇಲೆ ಒಂದು ಸುತ್ತು ಹಾಕಿ, ಮತ್ತೆ ಕೂತವು. ಆಗ ಸಾಲಿನಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಅರ್ಥ ಹರಿಯಿತು. ಮುಖ ನೋಡಿದರೆ ತಿಳಿಯುತ್ತಿತ್ತು. ಆದರೆ ಒಬ್ಬರೂ ಬಾಯಿ ಬಿಡಲಿಲ್ಲ. ತಾನು ಪೆದ್ದನಾದದ್ದು ಪಕ್ಕದವನಿಗೆ ಗೊತ್ತಾಗಬಾರದಲ್ಲ. ತರ್ಜುಮೆ ಮಾಡಿದ ಫಿಟ್ಟರ್ ಮಾತ್ರ ಹೆಂಡತಿ ಬಾಯಿ ತೆರೆಯುವ ಮೊದಲೇ "ಅರಿಸಿ ಇಲ್ಲೇನ್ನಾ ಪೋಗಟ್ಟುಂ, ಇದ ಪಾರು" ಅಂದ. ಅಕ್ಕಿ ಇಲ್ಲದಿದ್ದರೆ ಹೋಗಲಿ, ಇದನ್ನು ನೋಡು ಅಂತ. ಆಕೆ ಅವನನ್ನು ಒಂದು ಸಲ ನೋಡಿದಳು, ಆಮೇಲೆ ಅದನ್ನೂ ನೋಡಿದಳು. ಹನಿ ಬಿದ್ದಾಗ ಎಲ್ಲರೂ ಚೀಲವನ್ನು ತಲೆ ಮೇಲೆ ಹಾಕಿಕೊಂಡು ಅಲ್ಲೇ ಕೂತರು.

ಸಾಹೇಬರು ಬಹಳ ಹೊತ್ತು ಈ ಮೌನವನ್ನು ನೋಡಿದರು. ಕೊನೆಗೆ ಮುಂದಿನ ಸಾಲಿನ ಒಬ್ಬ ಅಜ್ಜಿಯ ಹತ್ತಿರ ಬಗ್ಗಿ, "ಏನಜ್ಜಿ, ಹೇಗಿದೆ ಬೆಳ್ಳಕ್ಕಿ?" ಅಂದರು.

ಅಜ್ಜಿ ನಡುಗಡ್ಡೆಯನ್ನು ಇನ್ನೊಂದು ಸಲ ನೋಡಿ, "ಬೆಳ್ಳಗೇನೋ ಇದೆ ಸ್ವಾಮಿ. ಕಾರ್ಡಿಗೆ ಎಷ್ಟು ಕೊಡ್ತೀರಿ?" ಅಂದಳು.

ಸಾಹೇಬರು ನೆಟ್ಟಗೆ ನಿಂತರು. ಅಜ್ಜಿಯ ಚೀಲ ನೋಡಿದರು, ಇಡೀ ಸಾಲಿನ ಚೀಲ ನೋಡಿದರು, ನನ್ನನ್ನು ನೋಡಿದರು. "ಇವರೆಲ್ಲ ಅಕ್ಕಿಗೆ ಬಂದವರಾ?"

ಫಾರೆಸ್ಟರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಅದು ಮನುಷ್ಯನನ್ನು ನೇರವಾಗಿ ನಾಟಾ ಡಿಪೋಗೆ ಕಳಿಸುವಂಥ ಗುಣ. "ಹಾಗೇ ಕಾಣುತ್ತೆ ಸಾರ್. ನನಗೂ ಈಗಲೇ ಗೊತ್ತಾಗ್ತಿರೋದು" ಅಂದರು, ಮುಖ ಬೆಳ್ಳಕ್ಕಿಯ ಬಣ್ಣಕ್ಕೆ ತಿರುಗಿತ್ತು.

"ಅಕ್ಕಿ ಇಲ್ಲ ಅಂತ ತಿಳಿದು ಇಷ್ಟು ಹೊತ್ತಾಯಿತು. ಮಳೆಯೂ ಬಂತು. ಒಬ್ಬರೂ ಎದ್ದು ಹೋಗಿಲ್ಲವಲ್ಲ" ಅಂದರು ಸಾಹೇಬರು. "ಡಿಪೋಗೆ ಬೇರೆ ಯಾರನ್ನಾದರೂ ಹಾಕುತ್ತೇನೆ. ನೀವು ಇಲ್ಲೇ ಇರಿ."

ಸಾಬರು ಲಾರಿಗೆ ಡೀಸೆಲ್ ಹಾಕಿಸಲು ಹೋಗಿದ್ದಾರೆ, ಮುಂದಿನ ಬಸ್ಸು ಸಂಜೆಗೆ, ಸೈಕಲ್ಲಿನವರು ಬಿಟ್ಟರೆ ಉಳಿದವರಿಗೆ ಎದ್ದರೂ ಹೋಗಲು ದಾರಿ ಇರಲಿಲ್ಲ ಅಂತ ನಾನು ಹೇಳಲು ಹೋಗಲಿಲ್ಲ. ವ್ಯಾಪಾರ ಕುದುರಿದ ಮೇಲೆ ಮಾತು ಬೆಳೆಸಬಾರದು.

ಸಾಹೇಬರು ಅಜ್ಜಿಯ ಕಡೆ ತಿರುಗಿದರು. ಆಗ ಅವರ ಮೀಸೆಯ ಒಂದು ತುದಿ ಅಲ್ಲಾಡಿದ್ದನ್ನು ನಾನು ಕಣ್ಣಾರೆ ಕಂಡೆ. "ಕಾರ್ಡಿಗೆ ಎರಡು ಅಜ್ಜಿ. ಆದರೆ ಹಿಡಿದುಕೊಳ್ಳೋದು ನಿಮ್ಮ ಜವಾಬ್ದಾರಿ."

ಅಜ್ಜಿ ಸೊಂಟದಿಂದ ರೇಷನ್ ಕಾರ್ಡು ತೆಗೆದು, ಸೆರಗಿನಲ್ಲಿ ಒರೆಸಿ, ಸಾಹೇಬರ ಕೈಗೆ ಕೊಟ್ಟಳು. "ಹಾಗಾದ್ರೆ ಈಗಲೇ ಬರ್ಕೊಂಡುಬಿಡಿ ಸ್ವಾಮಿ. ನಾನು ಹಿಡ್ಕೊಂಡು ಬಂದ ಮೇಲೆ, ಸ್ಟಾಕು ಮುಗೀತು ಅನ್ನಬೇಡಿ."